ಎಡ–ಬಲ: ಯಾರ ಎಡ, ಯಾರ ಬಲ?

ಪ್ರಶ್ನೆ: ಬಿಜೆಪಿ ಬಲಪಂಥೀಯ ಪಕ್ಷ ಅನ್ನುತ್ತಾರೆ. ಟಿವಿಯಲ್ಲಿ ಲೋಕಸಭಾಧ್ಯಕ್ಷರ ಪೀಠ ಎದುರಿಗೆ ಕಂಡಾಗ ಬಿಜೆಪಿಯವರು ನಮ್ಮ ಎಡಕ್ಕಿರುತ್ತಾರೆ. ಏನಿದರ ಲೆಕ್ಕ?

ಉತ್ತರ: ಎಡ–ಬಲ ಎಣಿಸುವುದು ಪೀಠದಲ್ಲಿ ಕೂತವರ ಕಡೆಯಿಂದ. ಅವರು ನಮ್ಮತ್ತ ಮುಖ ಮಾಡಿರುವುದರಿಂದ ಅವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ. ಅದಿರಲಿ, ನಮ್ಮ ಲೋಕಸಭೆಯಲ್ಲಿ ಆಸನಕ್ಕೂ ಸಿದ್ಧಾಂತಕ್ಕೂ ನಂಟೇ ಇಲ್ಲ. ಆಳುವವರು ಯಾರೇ ಇರಲಿ ಸಭಾಧ್ಯಕ್ಷರ ಬಲಕ್ಕೆ, ವಿರೋಧಿಗಳು ಎಡಕ್ಕೆ. ಬ್ರಿಟಿಷ್ ಸಂಸತ್ತಿನಿಂದ ಬಂದ ರೂಢಿ. ನೆಹರೂ ಬಲಕ್ಕೆ ಕೂತಿದ್ದರು, ಬಿಜೆಪಿಯ ಹಿಂದಿನ ರೂಪವಾದ ಜನಸಂಘದವರು ಎಡಕ್ಕೆ!

ಸಿದ್ಧಾಂತದ ಎಡ–ಬಲ ಹುಟ್ಟಿದ್ದು ಫ್ರಾನ್ಸಿನಲ್ಲಿ. 1789ರಲ್ಲಿ ವರ್ಸೇಲ್ಸ್‌ನ ರಾಷ್ಟ್ರೀಯ ಸಭೆಯ ಮುಂದೆ ಒಂದು ಪ್ರಶ್ನೆ ಬಂತು: ಸಭೆ ಒಪ್ಪಿದ ಕಾನೂನನ್ನು ದೊರೆ ತಳ್ಳಿಹಾಕಬಹುದೇ? ಹೌದು, ಆ ಹಕ್ಕು ಪೂರ್ತಿ ಇರಲಿ ಎಂದವರು ಅಧ್ಯಕ್ಷರ ಬಲಕ್ಕೆ ಗುಂಪುಗೂಡಿದರು. ಬಲಗಡೆ ಎಂದರೆ ಮರ್ಯಾದೆಯ ಜಾಗ. ಒಪ್ಪದವರು ಎಡಕ್ಕೆ ಸರಿದರು. ಸೆಪ್ಟೆಂಬರ್ 11ರಂದು 673–325 ಮತಗಳಿಂದ ತೀರ್ಮಾನವಾಯಿತು: ದೊರೆ ಕಾನೂನನ್ನು ಕೆಲಕಾಲ ತಡೆಹಿಡಿಯಬಹುದು, ಶಾಶ್ವತವಾಗಿ ಅಲ್ಲ.

ಮೂರೇ ವರ್ಷಕ್ಕೆ ಜಾಗ ಅದಲುಬದಲಾಯಿತು. 1791ರ ಸಭೆಯಲ್ಲಿ ಎಡಕ್ಕಿದ್ದ ಜಿರೋಂದಿನ್ ಗುಂಪಿನವರು 1792ರ ಸಭೆಯಲ್ಲಿ ಬಲಪಕ್ಷವಾದರು. ಅವರು ದೊರೆಯ ಕಡೆ ಸೇರಿದ್ದರಿಂದಲ್ಲ, ಅವರಿಗಿಂತ ಉಗ್ರರಾದವರು ಎಡ ಹಿಡಿದದ್ದರಿಂದ. ಎತ್ತರದ ಬೆಂಚುಗಳಲ್ಲಿ ಕೂರುತ್ತಿದ್ದ ಆ ಉಗ್ರರಿಗೆ ‘ಬೆಟ್ಟದವರು’ ಎಂದೇ ಹೆಸರು. ಹಾಗಾಗಿ ಒಬ್ಬರನ್ನು ಎಡ ಅಥವಾ ಬಲ ಅನ್ನುವ ಮೊದಲು, ಯಾರಿಗೆ ಹೋಲಿಸಿ, ಯಾವ ವಿಷಯದಲ್ಲಿ ಎಂದು ಕೇಳಬೇಕು. ಮಾರುಕಟ್ಟೆಗೆ ಮುಕ್ತ ಅವಕಾಶ ಕೊಡುವುದನ್ನು ಸಾಮಾನ್ಯವಾಗಿ ಬಲದ ನಿಲುವು ಅನ್ನುತ್ತಾರೆ. 1991ರಲ್ಲಿ ಕಾಂಗ್ರೆಸ್ ಸರ್ಕಾರ ಆರ್ಥಿಕತೆಯ ಬಾಗಿಲು ತೆರೆದಾಗ ಎಡದ ಕಮ್ಯುನಿಸ್ಟರು ವಿರೋಧಿಸಿದರು. ಅದೇ ವರ್ಷ ಹುಟ್ಟಿದ, ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚ್ ಕೂಡ ವಿದೇಶಿ ಬಂಡವಾಳವನ್ನು ವಿರೋಧಿಸಿತು. ಧರ್ಮ, ಸಂಪ್ರದಾಯದ ವಿಷಯದಲ್ಲಿ ಬಲಕ್ಕಿರುವವರು ಮಾರುಕಟ್ಟೆಯ ವಿಷಯದಲ್ಲೂ ಅಲ್ಲೇ ಇರುತ್ತಾರೆಂಬ ಖಾತ್ರಿಯಿಲ್ಲ.

ಪ್ರಶ್ನೆ: ಒಳಮೀಸಲಾತಿ ಸುದ್ದಿಯಲ್ಲಿ ಬರುವ ‘ಎಡಗೈ ಸಮುದಾಯ’ದವರು ಎಡಪಂಥೀಯರೇ?

ಉತ್ತರ: ಅಲ್ಲ. ಎಡಗೈ–ಬಲಗೈ ದಕ್ಷಿಣ ಭಾರತದ ಹಳೆಯ ಜಾತಿ ವಿಭಾಗ, ಫ್ರೆಂಚ್ ಕ್ರಾಂತಿಗಿಂತ ನೂರಾರು ವರ್ಷ ಹಿಂದಿನದು. ಹಿಂದೆ ಇದರೊಳಗೆ ಹಲವು ಕಸುಬಿನ ಜಾತಿಗಳಿದ್ದವು. ಕರ್ನಾಟಕದ ಒಳಮೀಸಲಾತಿ ಚರ್ಚೆಯಲ್ಲಿ ಎಡಗೈ ಎಂದರೆ ಮುಖ್ಯವಾಗಿ ಮಾದಿಗ, ಬಲಗೈ ಎಂದರೆ ಹೊಲೆಯ ಹಾಗೂ ಅವುಗಳ ಸಂಬಂಧಿತ ಜಾತಿಗಳು. ಎರಡೂ ಕಡೆಯವರು ಎಲ್ಲ ಪಕ್ಷಗಳಲ್ಲಿದ್ದಾರೆ. ತಲೆಬರಹದಲ್ಲಿ ಬರೀ ‘ಎಡ’, ‘ಬಲ’ ಎಂದಿದ್ದರೆ ಒಳಗಿನ ಸುದ್ದಿ ಓದಿಯೇ ತಿಳಿಯಬೇಕು.