ಇರಾಕ್ ಯುದ್ಧದ ಹೊಣೆ ಯಾರದು ಎಂದು ಅಮೆರಿಕದ ಪಕ್ಷಗಳು ಯಾಕೆ ಇನ್ನೂ ಜಗಳಾಡುತ್ತವೆ?

ಯಾಕೆಂದರೆ 2002ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ತಾನೇ ಯುದ್ಧ ಘೋಷಿಸಲಿಲ್ಲ. ಯುದ್ಧ ಬೇಕೋ ಬೇಡವೋ ಎಂಬ ತೀರ್ಮಾನವನ್ನು ಅಧ್ಯಕ್ಷ ಜಾರ್ಜ್ ಬುಷ್ ಕೈಗೆ ಒಪ್ಪಿಸಿತು.

ನಮ್ಮ ಬೆಳಗಾವಿ ಕಡೆ ಹಳ್ಳಿಯ ಪಿಕೆಪಿಎಸ್, ಅಂದರೆ ಕೃಷಿ ಸಹಕಾರಿ ಸಂಘದ ಸಭೆಯಲ್ಲಿ ಕೂತವರಿಗೆ ಇದು ಥಟ್ಟನೆ ತಿಳಿಯುತ್ತದೆ. ಠರಾವು ಪುಸ್ತಕದಲ್ಲಿ ‘ಮುಂದಿನ ಕ್ರಮದ ಅಧಿಕಾರ ಅಧ್ಯಕ್ಷರಿಗೆ’ ಎಂದು ಬರೆದು ಎಲ್ಲರೂ ಸಹಿ ಹಾಕುತ್ತಾರೆ. ಕೊಂಡ ಯಂತ್ರ ಕೆಟ್ಟು ನಿಂತ ದಿನ ಸದಸ್ಯರು, ‘ಖರೀದಿ ಮಾಡಿದವರು ನೀವು’ ಎನ್ನುತ್ತಾರೆ. ಅಧ್ಯಕ್ಷರು ಪುಟ ತೆರೆದು, ‘ಈ ಸಹಿ ನಿಮ್ಮದೇ ಅಲ್ಲೇನ್ರಿ?’ ಎಂದು ಬೆರಳಿಟ್ಟು ತೋರಿಸುತ್ತಾರೆ.

ಅಲ್ಲೂ ಆದದ್ದು ಅದೇ. ಠರಾವು ಸೆನೆಟ್‌ನಲ್ಲಿ 77–23, ಕೆಳಮನೆಯಲ್ಲಿ 296–133 ಮತಗಳಿಂದ ಪಾಸಾಯಿತು. ಬುಷ್ ಅವರ ಪಕ್ಷದ ರಿಪಬ್ಲಿಕನ್ನರು ಬಹುತೇಕ ಒಗ್ಗಟ್ಟಾಗಿದ್ದರು, ಎದುರು ಪಕ್ಷದ ಡೆಮಾಕ್ರಟರು ಒಡೆದರು. ಸೆನೆಟ್‌ನ 50 ಡೆಮಾಕ್ರಟರಲ್ಲಿ 29 ಮಂದಿ ಪರವಾಗಿ, ಕೆಳಮನೆಯಲ್ಲಿ ಹೆಚ್ಚಿನವರು ವಿರುದ್ಧವಾಗಿ ಮತ ಹಾಕಿದರು. 2003ರ ದಾಳಿಯ ನಂತರ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ, ಜನಬೆಂಬಲವೂ ಕುಸಿಯಿತು. ಆಗ ರಿಪಬ್ಲಿಕನ್ನರು ‘ನೀವೂ ಕೈ ಎತ್ತಿದ್ದಿರಿ’ ಎಂದರು, ಡೆಮಾಕ್ರಟರು ‘ತಪ್ಪು ಮಾಹಿತಿ ಕೊಟ್ಟು ನಂಬಿಸಿದಿರಿ’ ಎಂದರು. 2008ರಲ್ಲಿ ಡೆಮಾಕ್ರಟರು ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವಾಗ, ಸೆನೆಟ್‌ನಲ್ಲಿ ಠರಾವಿನ ಪರ ಮತ ಹಾಕಿದ್ದ ಹಿಲರಿ ಕ್ಲಿಂಟನ್ ಅವರಿಗೆ ಆ ಹಳೆಯ ಮತವೇ ಕುತ್ತಾಯಿತು. ಎದುರಾಳಿ ಒಬಾಮಾ 2002ರಲ್ಲಿ ಸೆನೆಟ್‌ನಲ್ಲಿ ಇರಲೇ ಇಲ್ಲ.

ನನ್ನ ಮಟ್ಟಿಗೆ, ಆದೇಶ ಕೊಟ್ಟವರ ಪಾಲೇ ದೊಡ್ಡದು. ಆದರೆ ಮಕ್ಕಳನ್ನು ಮಿಲಿಟರಿಗೆ ಕಳಿಸಿದ ಮನೆಗಳು ನಮ್ಮೂರಲ್ಲೂ ಇವೆ. ಅವರ ಮುಂದೆ ನಿಂತು ‘ನಾನು ಬರೀ ಅಧಿಕಾರ ಕೊಟ್ಟೆ’ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.