ಅಮೆರಿಕದಲ್ಲಿ ಊರು ಬದಲಾದರೂ ರೇಡಿಯೊ ಹಾಡು ಬದಲಾಗುವುದಿಲ್ಲವೇಕೆ?

ಕಾರಣದ ಬಹುಪಾಲು 1996ರ ದೂರಸಂಪರ್ಕ ಕಾಯ್ದೆಯಲ್ಲಿದೆ. ಅಲ್ಲಿಯವರೆಗೆ ಒಂದು ಕಂಪನಿ ಇಡೀ ದೇಶದಲ್ಲಿ ಹೆಚ್ಚೆಂದರೆ 40 ರೇಡಿಯೊ ಕೇಂದ್ರಗಳನ್ನು ಹೊಂದಬಹುದಿತ್ತು. ಕಾಯ್ದೆ ಆ ಮಿತಿಯನ್ನೇ ತೆಗೆದುಹಾಕಿತು. ದೊಡ್ಡ ನಗರಗಳಲ್ಲಿ ಒಬ್ಬನೇ ಎಂಟು ಕೇಂದ್ರಗಳ ಒಡೆಯನಾಗಬಹುದಾಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ (ಈಗಿನ ಐಹಾರ್ಟ್‌ಮೀಡಿಯಾ) ಎಂಬ ಒಂದೇ ಕಂಪನಿಯ ಕೈಯಲ್ಲಿ ಸುಮಾರು 1,200 ಕೇಂದ್ರಗಳಿದ್ದವು.

ಇದಾದ ಮೇಲೆ ಸ್ಥಳೀಯ ನಿರೂಪಕನ ಕುರ್ಚಿ ಖಾಲಿಯಾಗತೊಡಗಿತು. ಎಲ್ಲೋ ದೂರದ ಸ್ಟುಡಿಯೊದಲ್ಲಿ ಕುಳಿತವನು ಹತ್ತಾರು ಊರುಗಳಿಗೆ ಮಾತು ಧ್ವನಿಮುದ್ರಿಸಿ ಕಳಿಸುತ್ತಾನೆ. ತಾನು ಕಾಲಿಡದ ಊರಿನ ಹೆಸರನ್ನು ಆತ್ಮೀಯವಾಗಿ ಉಚ್ಚರಿಸುತ್ತಾನೆ. ಊರಿನ ವಾದ್ಯತಂಡವೊಂದು ತನ್ನ ಸಿ.ಡಿ. ಹಿಡಿದು ಬಂದರೆ ಅದನ್ನು ಕೇಳಿ, ‘ಇವತ್ತು ರಾತ್ರಿ ಹಾಕೋಣ’ ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಉಳಿದಿರುವುದಿಲ್ಲ. ಹಾಡಿನ ಪಟ್ಟಿ ಮೇಲಿನಿಂದ, ಕೇಳುಗರ ಸಮೀಕ್ಷೆಯಲ್ಲಿ ಜರಡಿ ಹಿಡಿದು ಬರುತ್ತದೆ. ಅಪರಿಚಿತ ಹಾಡು ಬಂದರೆ ಕೇಳುಗ ಕೇಂದ್ರ ಬದಲಿಸಿಯಾನು, ಜಾಹೀರಾತು ಕೈತಪ್ಪೀತು ಎಂಬ ಭಯ ಬೇರೆ.

ಇದರಿಂದ ವೈವಿಧ್ಯ ಹೆಚ್ಚಿತು ಎಂಬ ಇನ್ನೊಂದು ವಾದವೂ ಇದೆ. ಒಂದೇ ನಗರದಲ್ಲಿ ಹಲವು ಕೇಂದ್ರಗಳಿರುವ ಮಾಲೀಕ ತನ್ನ ಜೊತೆ ತಾನೇ ಪೈಪೋಟಿಗೆ ಇಳಿಯುವುದಿಲ್ಲ. ಒಂದಕ್ಕೆ ರಾಕ್ ಸಂಗೀತ, ಇನ್ನೊಂದಕ್ಕೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ ಸಂಗೀತ) ಎಂದು ಹಂಚುತ್ತಾನೆ. ಹೀಗಾಗಿ ಪ್ರಕಾರಗಳ ಹೆಸರು ಹೆಚ್ಚಿದ್ದು ನಿಜ. ಆದರೆ ಬೋರ್ಡು ಬೇರೆಯಾದರೂ ಹಾಡುಗಳು ಅವೇ ಆಗಿರುವುದುಂಟು, ಹಾಗಾಗಿ ಈ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ಬೇರೆ ಏನಾದರೂ ಕೇಳಬೇಕೆಂದರೆ ಕಾಲೇಜು ಕೇಂದ್ರಗಳನ್ನು, 2000ದಲ್ಲಿ ಅನುಮತಿ ಪಡೆದ 100 ವ್ಯಾಟ್‌ನ ಪುಟ್ಟ ಸಮುದಾಯ ಎಫ್‌.ಎಂ.ಗಳನ್ನು ಹುಡುಕಿ.