ಬಸ್ರಾದ ಬಟ್ಟಲು: ಲೇಖಕರೊಬ್ಬರಿಗೆ ಉತ್ತರ

ನಮಸ್ಕಾರ. 9ನೇ ಶತಮಾನದ ಇರಾಕಿನ ಮೆರುಗುಪಾತ್ರೆಗಳ (ಗಾಜಿನಂಥ ಲೇಪ ಕೊಟ್ಟು ಸುಟ್ಟ ಮಣ್ಣಿನ ಪಾತ್ರೆಗಳ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಹಾಗೆಂದು ಕೈಬಿಡಲೂ ನನಗೆ ಮನಸ್ಸಿಲ್ಲ.

ಮೊದಲ ಆರು ಪುಟ ಆಗ ಇರಾಕನ್ನು ಆಳುತ್ತಿದ್ದ ಅಬ್ಬಾಸಿ ಖಲೀಫರ ವಂಶಾವಳಿಗೆ ಮತ್ತು ಬಾಗ್ದಾದಿನ ವೈಭವಕ್ಕೆ ಹೋಗಿದೆ. ಅದು ಓದುಗರಿಗೆ ಎಲ್ಲಾದರೂ ಸಿಗುತ್ತದೆ. ಏಳನೇ ಪುಟದಲ್ಲಿ, ದೋಹಾದ ಮ್ಯೂಸಿಯಂನಲ್ಲಿ ನೋಡಿದ ಬಿಳಿ ಬಟ್ಟಲಿನ ಬಗ್ಗೆ ‘ನೀಲಿ ಗೆರೆಯ ಅಂಚು ಬಿಳಿಯೊಳಗೆ ಇಂಗಿದಂತಿತ್ತು’ ಎಂದು ಬರೆದು, ಮರುವಾಕ್ಯದಲ್ಲೇ ಮತ್ತೆ ಖಲೀಫರ ಹತ್ತಿರ ಓಡಿದ್ದೀರಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಅದೊಂದೇ. ಅಲ್ಲಿಂದಲೇ ಶುರು ಮಾಡಿ.

ಆ ನೀಲಿ ಇಂಗಿದ್ದೇಕೆ ಎಂದು ಕೇಳಿಕೊಂಡರೆ ಲೇಖನ ತಾನಾಗಿ ಬೆಳೆಯುತ್ತದೆ. ಅದು ಕೋಬಾಲ್ಟ್, ನೀಲಿ ಬಣ್ಣ ಕೊಡುವ ಲೋಹ. ಆವಿಗೆಯಲ್ಲಿ ಮೆರುಗು ಕರಗುವಾಗ ಬಣ್ಣವೂ ಅದರೊಳಗೆ ಸ್ವಲ್ಪ ಹರಡಿಕೊಂಡಿದೆ. ಇನ್ನು ಆ ಬಿಳುಪು? ಸಮುದ್ರದ ದಾರಿಯಲ್ಲಿ ಚೀನಾದ ಬಿಳಿ ಪಾತ್ರೆಗಳು ಬರುತ್ತಿದ್ದವು. ಅವಕ್ಕೆ ಬೇಕಾದ ಬಿಳಿ ಜೇಡಿ ಇರಾಕಿನ ಬಂದರು ಬಸ್ರಾದ ಕುಂಬಾರರಿಗೆ ಸಿಗುವಂತಿರಲಿಲ್ಲ, ಅಷ್ಟು ಕಾವು ಹಿಡಿಯುವ ಆವಿಗೆಯೂ ಇರಲಿಲ್ಲ. ಅವರಲ್ಲಿ ಇದ್ದದ್ದು ಹಳದಿ ಛಾಯೆಯ ನಯವಾದ ಮಣ್ಣು. ಮೆರುಗಿಗೆ ತವರದ ಆಕ್ಸೈಡ್ ಬೆರೆಸಿದರು. ಅದರ ಸಣ್ಣ ಕಣಗಳು ಕರಗದೆ ಉಳಿದು ಬೆಳಕನ್ನು ಚದುರಿಸುತ್ತವೆ. ಮೆರುಗು ಹಾಲಿನಂತೆ ಬೆಳ್ಳಗಾಗಿ ಕೆಳಗಿನ ಮಣ್ಣು ಮುಚ್ಚಿಹೋಗುತ್ತದೆ. ಇಷ್ಟು ದೊಡ್ಡ ಸಾಹಸವನ್ನು ನೀವು ‘ಚೀನಾದ ನಕಲು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಬಟ್ಟಲಿನ ಆಕಾರ ಚೀನಾದ್ದು, ಒಪ್ಪೋಣ. ಬಿಳಿಯ ಮೇಲೆ ನೀಲಿ ಬರೆದದ್ದು ಬಸ್ರಾದ ಕುಂಬಾರರ ಕಲ್ಪನೆ. ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ಪತ್ತೆಯಾದ ಮುಳುಗಿದ ಹಡಗನ್ನು ನೀವು ಹೆಸರಿಸಿಯೇ ಇಲ್ಲ. ಅದರಲ್ಲಿ 826ನೇ ಇಸವಿಗೆ ಸಮನಾದ ಚೀನೀ ವರ್ಷ ಕೆತ್ತಿದ ಬಟ್ಟಲೊಂದಿತ್ತು, ಜೊತೆಗೆ ಚೀನಾದಲ್ಲೇ ಮಾಡಿದ ಮೂರು ನೀಲಿ-ಬಿಳಿ ತಟ್ಟೆಗಳೂ ಇದ್ದವು. ಆ ತಟ್ಟೆಗಳ ಚಿತ್ತಾರ ಪಶ್ಚಿಮ ಏಷ್ಯಾದ ಅಭಿರುಚಿಗೆ ಹತ್ತಿರ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು.

ಲಸ್ಟರ್ ಪಾತ್ರೆಗಳ, ಅಂದರೆ ಮೆರುಗಿನ ಮೇಲೆ ಲೋಹದ ಹೊಳಪಿನ ಚಿತ್ರವಿರುವ ಪಾತ್ರೆಗಳ ಭಾಗದಲ್ಲಿ ತಪ್ಪೇ ಇದೆ. ‘ಬಂಗಾರದ ಬಣ್ಣ ಬಳಿದರು’ ಎಂದಿದ್ದೀರಿ. ಬಂಗಾರ ಅಲ್ಲಿಲ್ಲ. ಒಮ್ಮೆ ಸುಟ್ಟು ಮೆರುಗು ಬಂದ ಪಾತ್ರೆಯ ಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳನ್ನು ಮಣ್ಣಿನೊಂದಿಗೆ ಕಲಸಿ ಚಿತ್ರ ಬರೆದು, ಕಡಿಮೆ ಕಾವಿನಲ್ಲಿ, ಗಾಳಿ ಕಟ್ಟಿ ಹೊಗೆಯಾಡಿಸಿ ಇನ್ನೊಮ್ಮೆ ಸುಡುತ್ತಿದ್ದರು. ತೆಗೆದಾಗ ಪಾತ್ರೆ ಮಂಕಾಗಿರುತ್ತದೆ. ಮೇಲಿನ ಮಣ್ಣನ್ನು ಉಜ್ಜಿ ತೆಗೆದ ಮೇಲೆಯೇ ಹೊಳಪು ಕಾಣುವುದು. ಹೊಗೆ ಹೆಚ್ಚುಕಮ್ಮಿಯಾದರೆ ಕೆಲಸವೆಲ್ಲ ವ್ಯರ್ಥ. ಇದನ್ನು ಬಿಟ್ಟು ‘ಅದ್ಭುತ’, ‘ಅಪ್ರತಿಮ’ ಎನ್ನುವುದರಿಂದ ಓದುಗನಿಗೆ ಏನೂ ಕಾಣುವುದಿಲ್ಲ.

ಚಿನ್ನದ ಪಾತ್ರೆಗೆ ಧರ್ಮದ ನಿಷೇಧವಿದ್ದುದರಿಂದಲೇ ಈ ಕಲೆ ಹುಟ್ಟಿತು ಎಂಬ ವಾದವನ್ನೂ ಕೈಬಿಡಿ. ಗಾಜಿನ ಕೆಲಸಗಾರರಿಗೆ ಲಸ್ಟರ್ ಆಗಲೇ ಗೊತ್ತಿತ್ತು. ಈಜಿಪ್ಟಿನ ಫುಸ್ತಾತ್‌ನಲ್ಲಿ ಸಿಕ್ಕ ಗಾಜಿನ ಬಟ್ಟಲಿನ ಮೇಲೆ, 773ರಲ್ಲಿ ಅಲ್ಲಿ ಗವರ್ನರ್ ಆಗಿದ್ದ ಅಬ್ದ್ ಅಲ್-ಸಮದ್‌ನ ಹೆಸರಿದೆ. ಕುಂಬಾರರಿಗೆ ಈ ವಿದ್ಯೆ ಗಾಜಿನವರಿಂದ ಬಂದಿರಬಹುದೆಂಬ ದಾರಿ ಹಿಡಿದರೆ ಲೇಖನಕ್ಕೆ ಬಲ ಬರುತ್ತದೆ.

ಇರಾನಿನ ನಿಶಾಪುರ, ಮಧ್ಯ ಏಷ್ಯಾದ ಸಮರ್ಕಂದಗಳ ಕುಫಿ (ಕೋನಾಕಾರದ ಅರಬ್ಬಿ ಲಿಪಿ) ಬರಹದ ತಟ್ಟೆಗಳನ್ನು ಕೊನೆಯ ಪ್ಯಾರಾದಲ್ಲಿ ತುರುಕಿದ್ದೀರಿ. ಅವು 10ನೇ ಶತಮಾನದವು, ತಂತ್ರವೂ ಬೇರೆ. ಅವಕ್ಕೆ ಪ್ರತ್ಯೇಕ ಲೇಖನವೇ ಬೇಕು, ಅದನ್ನೂ ನೀವೇ ಬರೆಯಿರಿ.

ದೋಹಾದ ಬಟ್ಟಲಿನ ಅಗಲ ಎಷ್ಟಿತ್ತು, ಬುಡ ಕಾಣುತ್ತಿತ್ತೇ, ಅಂಚಿನಲ್ಲಿ ಮೆರುಗು ಚಕ್ಕೆಯೆದ್ದು ಮಣ್ಣು ಇಣುಕುತ್ತಿತ್ತೇ? ಟಿಪ್ಪಣಿ, ಫೋಟೊ ಇದ್ದರೆ ತೆಗೆದು ನೋಡಿ ಸೇರಿಸಿ. ಖಲೀಫರಿಗೆ ಒಂದು ಪ್ಯಾರಾ ಸಾಕು. ಹೊಸ ಪ್ರತಿ ನೇರ ನನಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.